ಲಕ್ವಾ ಆದ ಮೇಲೆ ಪಿಎಂಆರ್ ಡಾಕ್ಟರಿಗೆ ಯಾವಾಗ ತೋರಿಸಬೇಕು?

ಪ್ರಶ್ನೆ (ದಾವಣಗೆರೆಯಿಂದ): ನಮಸ್ತೆ ಡಾಕ್ಟ್ರೇ. ನಮ್ಮಪ್ಪನಿಗೆ 66 ವರ್ಷ. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಈಗ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯುತ್ತಾರೆ, ಪಾದ ಎಳೆಯುತ್ತದೆ. ಬೆರಳುಗಳು ಮುಷ್ಟಿ ಕಟ್ಟಿದ ಹಾಗೆ ಮಡಚಿಕೊಳ್ಳುತ್ತಿವೆ. ಭುಜ ಮುಟ್ಟಿದರೆ ನೋವು. ನೀರು ಕುಡಿದಾಗ ಕೆಮ್ಮು ಬರುತ್ತದೆ, ಅದು ಶೀತ ಇರಬೇಕು. ಪಕ್ಕದ ಮನೆಯವರು ಪಿಎಂಆರ್ (ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, ಅಂದರೆ ಪುನಶ್ಚೇತನ) ಡಾಕ್ಟರಿಗೆ ತೋರಿಸಿ ಅನ್ನುತ್ತಾರೆ. ಮನೆಗೇ ಫಿಸಿಯೋ ಬರುತ್ತಾರಲ್ಲ, ಮತ್ತೆ ಇವರು ಯಾಕೆ?

ಉತ್ತರ (ಪಿಎಂಆರ್ ವೈದ್ಯರು): ನೀವು ಸುಮ್ನೆ ಹೇಳಿಬಿಟ್ಟ ಕೆಮ್ಮಿನಿಂದಲೇ ಶುರು ಮಾಡುತ್ತೇನೆ. ಲಕ್ವಾ ಆದವರು ನೀರು ಕುಡಿದಾಗೆಲ್ಲ ಕೆಮ್ಮಿದರೆ ಶೀತ ಅಂದುಕೊಳ್ಳಬೇಡಿ. ನುಂಗುವ ಶಕ್ತಿ ಕುಂದಿದ್ದರೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಅದರಿಂದ ನ್ಯುಮೋನಿಯಾ ಆಗಬಹುದು. ಈ ವಾರವೇ ತೋರಿಸಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿಯೇ ಊಟ ಮಾಡಿಸಿ, ನೀರನ್ನು ಸಣ್ಣ ಗುಟುಕಿನಲ್ಲಿ ಕೊಡಿ. ಮಲಗಿದ್ದಾಗ ಬಾಯಿಗೆ ಏನೂ ಹಾಕಬೇಡಿ. ಜ್ವರ, ಏದುಸಿರು ಬಂದರೆ ನೇರ ಆಸ್ಪತ್ರೆಗೆ.

ಫಿಸಿಯೋ ಅವರನ್ನು ಬಿಡಬೇಡಿ. ವ್ಯಾಯಾಮ ಮಾಡಿಸುವುದು ಅವರೇ. ಆದರೆ ಬಿಗಿತಕ್ಕೆ ಮಾತ್ರೆ ಬೇಕಾ, ಇಂಜೆಕ್ಷನ್ ಬೇಕಾ, ನುಂಗುವ ಪರೀಕ್ಷೆ ಯಾರು ಮಾಡಬೇಕು, ಮೂತ್ರದ ತೊಂದರೆ ಇದೆಯಾ, ಇದನ್ನೆಲ್ಲ ಒಟ್ಟಿಗೆ ನೋಡುವವರು ಪಿಎಂಆರ್ ಡಾಕ್ಟರ್. ಬೆರಳು ಹೀಗೇ ಮಡಚಿಕೊಂಡಿದ್ದರೆ ಕೀಲು ಗಟ್ಟಿಯಾಗಿ ಆಮೇಲೆ ಬಿಚ್ಚುವುದೇ ಇಲ್ಲ. ಕೆಲವರಿಗೆ ಬೊಟುಲಿನಮ್ ಇಂಜೆಕ್ಷನ್ ಕೊಡುತ್ತೇವೆ. ಹೌದು, ಮುಖದ ಸುಕ್ಕಿಗೆ ಹಾಕುವ ಬೊಟಾಕ್ಸೇ! ಸುಮಾರು ಮೂರು ತಿಂಗಳು ಬಿಗಿತ ಸಡಿಲವಾಗಿರುತ್ತದೆ. ಆಗ ವ್ಯಾಯಾಮ ಬಿಟ್ಟರೆ ದುಡ್ಡು ದಂಡ. ಎಳೆಯುವ ಪಾದಕ್ಕೆ ಚಪ್ಪಲಿಯ ಒಳಗೆ ಕೂರುವ ಸ್ಪ್ಲಿಂಟ್ (ಪಾದಕ್ಕೆ ಆಸರೆ ಕೊಡುವ ಸಾಧನ) ಸಾಕಾಗಬಹುದು.

ಮೊದಲ ಕೆಲವು ತಿಂಗಳಲ್ಲೇ ಚೇತರಿಕೆಯ ವೇಗ ಜಾಸ್ತಿ. ಫಿಸಿಯೋ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ (ದಾವಣಗೆರೆ): ಸ್ಪಂಜಿನ ಬಾಲ್ ಹಿಸುಕಿಸಬಹುದಾ? ಭುಜಕ್ಕೆ ಬಿಸಿನೀರಿನ ಬ್ಯಾಗ್?

ಉತ್ತರ: ಅವರ ಕೈಗೆ ಮಡಚುವುದು ಬರುತ್ತದೆ, ಬಿಚ್ಚುವುದು ಬರುವುದಿಲ್ಲ ಅಲ್ವಾ? ಹಾಗಾಗಿ ಬಾಲ್ ಬೇಡ. ಆ ಭಾಗದಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗದಿದ್ದರೆ ಬಿಸಿ ಬ್ಯಾಗಿನಿಂದ ಚರ್ಮ ಸುಟ್ಟರೂ ತಿಳಿಯದು, ಅದೂ ಬೇಡ. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಬೇಡಿ. ಸ್ನಾಯು ಸೋತ ಭುಜದಲ್ಲಿ ಕೀಲು ಜಾರುತ್ತದೆ. ಬೆನ್ನಿಗೆ, ಸೊಂಟಕ್ಕೆ ಕೈಕೊಟ್ಟು ಎಬ್ಬಿಸಿ.

ಪ್ರಶ್ನೆ (ಶಿವಮೊಗ್ಗದಿಂದ): ಸರ್, ಅಮ್ಮನಿಗೆ ಮೂರು ತಿಂಗಳಿಂದ ಸೊಂಟನೋವು. ನಾವೂ ನಿಮ್ಮಂಥವರ ಹತ್ತಿರ ನೇರ ಹೋಗಬಹುದಾ?

ಉತ್ತರ: ಧಾರಾಳವಾಗಿ. ಇಷ್ಟು ದಿನ ಉಳಿದ ನೋವನ್ನು ತೋರಿಸಲೇಬೇಕು. ಆದರೆ ಮೂತ್ರ ನಿಂತರೆ, ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಕಾಲು ಸೋಲುತ್ತಾ ಬಂದರೆ ಅಪಾಯಿಂಟ್‌ಮೆಂಟ್ ಅಂತ ಕೂರಬೇಡಿ, ಅದು ಎಮರ್ಜೆನ್ಸಿ. ಲಕ್ವಾ ಆದವರಿಗೆ ಮತ್ತೆ ಬಾಯಿ ಸೊಟ್ಟಗಾದರೂ, ಮಾತು ತೊದಲಿದರೂ ಹಾಗೆಯೇ.

ಪ್ರಶ್ನೆ (ದಾವಣಗೆರೆ): ಇಲ್ಲಿ ಸಿಗದಿದ್ದರೆ ಎಲ್ಲಿಗೆ ಹೋಗಲಿ?

ಉತ್ತರ: ಮೊದಲು ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಪಿಎಂಆರ್ ವಿಭಾಗ ಇದೆಯಾ ಕೇಳಿ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್‌ನಲ್ಲಿದೆ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಆದರೆ ನುಂಗುವುದನ್ನು ನೋಡಿಸಲು ಬೆಂಗಳೂರಿಗೆ ಹೋಗುವ ತನಕ ಕಾಯಬೇಡಿ, ಸದ್ಯ ನೋಡುತ್ತಿರುವ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಮಾತ್ರೆಗಳ ಜೊತೆ ಅಪ್ಪ ಮನೆಯಲ್ಲಿ ನಡೆಯುವ ವಿಡಿಯೋ ಒಂದು ಇರಲಿ.