ಬಡಾವಣೆಯ ಆಟದ ಮೈದಾನ ನಮ್ಮ ಸಂಘದ ಕೈಗೆ ಬರ್ತಿದೆ, ನಡೆಸಿದ ಅನುಭವ ಇರೋರು ಹೇಳಿ

ಉತ್ತರಹಳ್ಳಿ ಕಡೆಯವನು:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಸುಮಾರು ಎರಡು ಎಕರೆ ಮೈದಾನ ಇದೆ. ಸುತ್ತ ವಾಕಿಂಗ್ ಪಾತ್, ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್, ಎರಡು ಶಟಲ್ ಕೋರ್ಟ್, ಮಿಕ್ಕಿದ್ದು ಮಣ್ಣಿನ ನೆಲ. ಅಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ. ನಿರ್ವಹಣೆ ನಿವಾಸಿಗಳ ಸಂಘವೇ ನೋಡ್ಕೊಳ್ಳಲಿ ಅಂತ ಮಾತಾಗಿದೆ. ತಿಂಗಳೊಳಗೆ ಯೋಜನೆ ಬರೆದು ಕೊಡಬೇಕು. ಯಾವ ಹೊತ್ತು ಯಾರಿಗೆ? ದುಡ್ಡು ಎಲ್ಲಿಂದ? ಬೀಗದ ಕೈ ಯಾರ ಹತ್ತಿರ ಇರಬೇಕು?

ವಿಜಯನಗರ, ಮಾಜಿ ಖಜಾಂಚಿ:
ಆರು ವರ್ಷ ಲೆಕ್ಕ ಬರೆದವನು ನಾನು, ಸ್ವಲ್ಪ ಉದ್ದ ಆಗುತ್ತೆ. ಮೊದಲು ನೆಲ. 2019ರಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಕಾಂಕ್ರೀಟ್ ಹಾಕಿಸಿ ಮೇಲೆ ಅಕ್ರಿಲಿಕ್ ಬಣ್ಣ ಬಳಿಸಿದ್ವಿ. ಅದಕ್ಕೆ ಮೊದಲು ಕಾಂಕ್ರೀಟಿಗೆ 28 ದಿನ ಕ್ಯೂರಿಂಗ್ ಆಗಬೇಕಿತ್ತು, ಅಂದ್ರೆ ನೀರುಣಿಸಿ ಗಟ್ಟಿಯಾಗೋಕೆ ಬಿಡಬೇಕಿತ್ತು. ರಾಜ್ಯೋತ್ಸವಕ್ಕೆ ಉದ್ಘಾಟನೆ ಅಂತ ನಮ್ಮವರೇ ಅವಸರ ಮಾಡಿದ್ರು, ಗುತ್ತಿಗೆದಾರ 12ನೇ ದಿನಕ್ಕೇ ಬಳಿದುಬಿಟ್ಟ. ಬೇಸಿಗೆ ಬಂದಾಗ ಹಪ್ಪಳ ಎದ್ದ ಹಾಗೆ ಗುಳ್ಳೆ. ಹಿಮ್ಮಡಿಯಲ್ಲಿ ಒತ್ತಿದ್ರೆ ಪಟ್ ಅಂತ ಒಡೆದು, ಅಡಿಯಲ್ಲಿ ಇನ್ನೂ ಹಸಿ. ಮೊದಲ ಖರ್ಚು 3,85,000. ಕೆರೆದು ಮತ್ತೆ ಬಳಿಸೋಕೆ 1,60,000. ಮಳೆ ನೀರು ಹರಿದುಹೋಗೋಕೆ ಇಳಿಜಾರೂ ಕೊಟ್ಟಿರಲಿಲ್ಲ. ನೂರಕ್ಕೆ ಒಂದು, ಅಂದ್ರೆ 15 ಮೀಟರ್ ಅಗಲಕ್ಕೆ ಆ ಅಂಚಿಗೂ ಈ ಅಂಚಿಗೂ 15 ಸೆಂಟಿಮೀಟರ್ ವ್ಯತ್ಯಾಸ ಇರಲೇಬೇಕು. ದಾರ ಹಿಡಿಸಿ ನಿಂತು ಅಳೆಸಿ.

ದುಡ್ಡಿನ ವಿಷಯ. ಇಬ್ಬರು ವಾಚ್‌ಮನ್‌ಗಳಿಗೆ 30,000, ಗುಡಿಸೋರಿಗೆ 9,000, ಕರೆಂಟು 7,000. ತಿಂಗಳಿಗೆ 46,000. ಇನ್ನೂರ ನಲವತ್ತು ಮನೆ ನೂರು ರೂಪಾಯಿ ಕೊಟ್ರೆ 24,000. ಉಳಿದ 22,000 ಎಲ್ಲಿಂದ ಬರುತ್ತೆ? ಬೆಳಿಗ್ಗೆ 6ರಿಂದ 8 ಒಂದು ಕ್ರಿಕೆಟ್ ಕೋಚಿಂಗ್‌ನವರಿಗೆ ಕೊಟ್ವಿ. ಕೋಚಿಂಗ್ ಕೊಡದೆ ಮೈದಾನ ನಡೆಯಲ್ಲ, ಬರೆದಿಟ್ಕೊಳ್ಳಿ.

ರಾಜಾಜಿನಗರದ ಒಬ್ಬ ತಾಯಿ:
ದಯವಿಟ್ಟು ಹೀಗೆ ಬರೆದಿಟ್ಕೊಳ್ಳಬೇಡಿ. ನಮ್ಮಲ್ಲೂ ಬೆಳಿಗ್ಗೆ ಎರಡು ಗಂಟೆ ಅಂತಲೇ ಶುರುವಾಗಿದ್ದು. ಎರಡನೇ ವರ್ಷ ಸಂಜೆ 4ರಿಂದ 6ನ್ನೂ ತಗೊಂಡ್ರು. ಮೂರನೇ ವರ್ಷ ಏಪ್ರಿಲ್, ಮೇ ಪೂರ್ತಿ ಸಮ್ಮರ್ ಕ್ಯಾಂಪ್. ಹಳದಿ ನೈಲಾನ್ ಹಗ್ಗ ಕಟ್ಟಿದ್ರು. ನನ್ನ ಮಗಳು ಒಂಬತ್ತು ವರ್ಷದವಳು, ಚೆಂಡು ಎದೆಗೆ ಅವುಚಿಕೊಂಡು ಹಗ್ಗದ ಈಚೆ ನಿಂತಿದ್ದಳು. "ಆಂಟಿ, ಇದು ಪೇಮೆಂಟ್ ಬ್ಯಾಚು" ಅಂದ ಕೋಚ್. ಅವಳು ಅಲ್ಲೇ ಹುಟ್ಟಿದವಳು ಕಣ್ರೀ. ಹನ್ನೊಂದು ಪತ್ರ ಬರೆದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಪ್ಪಂದದ ಪ್ರತಿ ಕೇಳಿದೆ. ಒಪ್ಪಂದವೇ ಇರಲಿಲ್ಲ! ಬಾಯಿಮಾತು. ಹಗ್ಗ ಬಿಚ್ಚಿಸೋಕೆ ಹದಿನಾಲ್ಕು ತಿಂಗಳು ಹಿಡೀತು, ಅಷ್ಟರಲ್ಲಿ ಮಗಳಿಗೆ ಆಟದ ಮೇಲಿನ ಮನಸ್ಸೇ ಹೋಗಿತ್ತು.

ವಿಜಯನಗರ, ಮಾಜಿ ಖಜಾಂಚಿ:
ಮೇಡಂ, ನಿಮ್ಮ ಸಂಘದ ತಪ್ಪಿಗೆ ನನ್ನನ್ನ ಯಾಕೆ ಬೈತೀರಿ? ನಾನು ಪ್ರತಿ ತಿಂಗಳು ಲೆಕ್ಕ ಗೇಟಿನ ಬೋರ್ಡಿಗೆ ಅಂಟಿಸಿದ್ದೀನಿ. ಒಂದು ರೂಪಾಯಿ ಆಚೀಚೆ ಆಗಿಲ್ಲ.

ರಾಜಾಜಿನಗರದ ಒಬ್ಬ ತಾಯಿ:
ದುಡ್ಡಿನ ಲೆಕ್ಕ ಅಂಟಿಸಿದ್ರಿ ಸರ್, ಒಪ್ಪಿದೆ. ಹೊತ್ತಿನ ಲೆಕ್ಕ ಅಂಟಿಸಿದ್ರಾ? ಬೆಳಿಗ್ಗೆ 6ರಿಂದ 8 ಅಂದ್ರೆ ಶಾಲೆಗೆ ಹೋಗೋ ಮಕ್ಕಳಿಗೆ ಇರೋದೇ ಆ ಹೊತ್ತು.

ಜೆ.ಪಿ. ನಗರ, ವಾಕಿಂಗ್ ಹೋಗುವವನು:
ವಾಕಿಂಗ್ ಪಾತ್ ಪಕ್ಕದಲ್ಲೇ ಕ್ರಿಕೆಟ್ ಇದ್ರೆ ನನ್ನ ಕಥೆ ಓದಿ. 2022ರಲ್ಲಿ ಲೆದರ್ ಬಾಲ್ ಕೆನ್ನೆಮೂಳೆಗೆ ಬಡೀತು. ಆಸ್ಪತ್ರೆಗೆ 68,000. ಸಂಘ ವಿಮೆ ಮಾಡಿಸಿರಲಿಲ್ಲ, ಹುಡುಗರ ಅಪ್ಪಂದಿರು ಮುಖ ತಿರುಗಿಸಿದ್ರು. ಆಮೇಲೆ ಇಪ್ಪತ್ತಡಿ ಎತ್ತರಕ್ಕೆ ಬಲೆ ಕಟ್ಟಿಸಿದ್ರು, ಅಗ್ಗದ ನೈಲಾನು. ಎರಡು ಬೇಸಿಗೆ ಬಿಸಿಲಿಗೆ ಬಲೆ ಕೈಯಲ್ಲಿ ಹಿಡಿದ್ರೆ ಪುಡಿಪುಡಿ. ಬಿಸಿಲು ತಾಳೋ ಬಲೆ ಅಂತ ಕೇಳಿಯೇ ತಗೊಳ್ಳಿ, ಟೆನಿಸ್ ಬಾಲ್ ಮಾತ್ರ ಅಂತ ಬೋರ್ಡು ಹಾಕಿ. ಇವತ್ತಿಗೂ ಆ ತಿರುವಿಗೆ ಬಂದಾಗ ನನ್ನ ಕೈ ಮುಖಕ್ಕೆ ಹೋಗುತ್ತೆ.

ಈಗ ಹೊಸ ಕಾಟ ಪಿಕಲ್‌ಬಾಲ್, ಗಟ್ಟಿ ಬ್ಯಾಟಲ್ಲಿ ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯೋ ಆಟ. ಶಟಲ್ ಕೋರ್ಟನ್ನೇ ಬದಲಾಯಿಸಿದ್ರು, ಎರಡರ ಅಳತೆಯೂ ಒಂದೇ. ರಾತ್ರಿ ಹತ್ತೂವರೆವರೆಗೆ ಟಕ್ ಟಕ್ ಟಕ್. ವಾಸದ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ, 2000ದ ಶಬ್ದ ನಿಯಮದಲ್ಲಿದೆ.

ಕೋರಮಂಗಲ, ಪಿಕಲ್‌ಬಾಲ್ ಆಡುವವಳು:
ನನಗೆ 54. ಮೊಣಕಾಲು ನೋವಿಗೆ ಮೂರು ವರ್ಷ ಮನೆಯಲ್ಲೇ ಕೂತಿದ್ದೆ. ಬಯಲಿನ ಶಟಲ್ ಕೋರ್ಟಲ್ಲಿ ಗಾಳಿಗೆ ಕಾಕ್ ಎಲ್ಲೋ ಹೋಗುತ್ತೆ, ಹಾಗಾಗಿ ನಮ್ಮ ಕೋರ್ಟಲ್ಲಿ ನಾಯಿ ಮಲಗಿರ್ತಿತ್ತು. ಗೆರೆ ಬಳಿಯೋಕೆ, ನೆಟ್ಟಿಗೆ ಸೇರಿ 18,500 ನಾವು ಹೆಂಗಸರೇ ಹಾಕ್ಕೊಂಡ್ವಿ. ಈಗ ದಿನಾ ಇಪ್ಪತ್ತು ಜನ ಆಡ್ತೀವಿ, ಒಂಬತ್ತಕ್ಕೆ ದೀಪ ಆರಿಸ್ತೀವಿ. ಕಾಟ ಅಂತ ಕರೀಬೇಡಿ.

ಜೆ.ಪಿ. ನಗರ, ವಾಕಿಂಗ್ ಹೋಗುವವನು:
ನಿಮ್ಮಲ್ಲಿ ಒಂಬತ್ತು. ನಮ್ಮಲ್ಲಿ ಹತ್ತೂವರೆ. ನಾನು ನಮ್ಮಲ್ಲಿನ ಮಾತು ಹೇಳಿದ್ದು.

ಯಲಹಂಕ:
ಹುಲ್ಲು ಹಾಕಿಸೋ ಯೋಚನೆ ಇದ್ರೆ ನಮ್ಮ ಕಥೆ ಕೇಳಿ. 2,75,000 ಕೊಟ್ಟು 2023ರ ಮಳೆಗಾಲದಲ್ಲಿ ಲಾನ್ ಹಾಕಿಸಿದ್ವಿ. 2024ರ ಮಾರ್ಚಲ್ಲಿ ಬೋರ್‌ವೆಲ್ ನಿಂತಿತು. ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ದಂಡ ಅಂತ ಜಲಮಂಡಳಿ ಆದೇಶ ಬಂತು. ಸಂಸ್ಕರಿಸಿದ ನೀರನ್ನ ಟ್ಯಾಂಕರಲ್ಲಿ ತರಿಸಿ, ಮೂಗು ಮುಚ್ಕೊಂಡು, ನಾನೇ ದಿನಾ ಬೆಳಿಗ್ಗೆ ಐದಕ್ಕೆ ಪೈಪ್ ಹಿಡಿದು ಅರ್ಧ ಹುಲ್ಲು ಉಳಿಸಿದೆ.

ವೈಟ್‌ಫೀಲ್ಡ್:
ಆ ಮಾರ್ಚಲ್ಲಿ ನಮ್ಮ ಮನೆಯಲ್ಲಿ ಮೂರು ದಿನಕ್ಕೊಮ್ಮೆ ಸ್ನಾನ. ನೀವು ಹುಲ್ಲು ಉಳಿಸಿದ್ದನ್ನ ಹೆಮ್ಮೆಯಿಂದ ಹೇಳ್ತಿದ್ದೀರಲ್ಲ.

ಯಲಹಂಕ:
ಅದು ಕುಡಿಯೋ ನೀರಲ್ಲ, ಸರಿಯಾಗಿ ಓದಿ ಸ್ವಾಮಿ.

ವೈಟ್‌ಫೀಲ್ಡ್:
ಓದಿದೆ. ನೀರಿನ ಟ್ಯಾಂಕರ್‌ಗೆ ಒಂದು ವಾರ ಕಾದವರು ನಾವು. ನೀವು ಹುಲ್ಲಿಗೆ ಟ್ಯಾಂಕರ್ ಕರೆಸಿದ್ರಿ.

ಬಾಗಲಗುಂಟೆ, ಕಬಡ್ಡಿ ಹುಡುಗ:
ಅಣ್ಣಂದಿರೇ, ಅಕ್ಕಂದಿರೇ, ಎಲ್ಲರೂ ಕೋರ್ಟು, ಲಾನು ಅಂತಿದ್ದೀರಿ. ಕಬಡ್ಡಿಗೆ ಬೇಕಾಗಿದ್ದು 13 ಮೀಟರ್ ಉದ್ದ, 10 ಮೀಟರ್ ಅಗಲ ಮಣ್ಣು, ಅಷ್ಟೇ. ನಾವು ಹನ್ನೆರಡು ಜನ ನಾಲ್ಕು ಭಾನುವಾರ ಕೂತು ಅಗೆದು, ಜರಡಿ ಹಿಡಿದು ಒಂದೊಂದು ಕಲ್ಲೂ ಹೆಕ್ಕಿದ್ವಿ. ಗಾಜಿನ ಚೂರೇ ಒಂದು ಬಕೆಟ್ ಸಿಕ್ತು. ಎರಡು ವರ್ಷ ಆಡಿದ್ವಿ. ಒಂದು ಸೋಮವಾರ ಬಂದು ನೋಡಿದ್ರೆ ಅದರ ಮೇಲೆ ಇಂಟರ್‌ಲಾಕ್ ಕಲ್ಲು ಜೋಡಿಸಿದ್ರು, ಯೋಗ ಮಾಡೋಕೆ ಅಂತೆ. ಯಾರೂ ನಮ್ಮನ್ನ ಒಂದು ಮಾತು ಕೇಳಲಿಲ್ಲ, ಯಾಕಂದ್ರೆ ನಮ್ಮಲ್ಲಿ ಏಳು ಜನ ಬಾಡಿಗೆ ಮನೆಯವರು, ಇಬ್ಬರು ಕಟ್ಟಡ ಕೆಲಸದವರ ಶೆಡ್ಡಿನಿಂದ ಬರೋರು. ಸಂಘದ ಸದಸ್ಯರಲ್ಲ. ಯೋಜನೆ ಬರೆಯೋವಾಗ ಸದಸ್ಯರಲ್ಲದವರಿಗೂ ಒಂದು ಸಾಲು ಬರೀರಿ ಅಣ್ಣಾ.

ವಿಜಯನಗರ, ಮಾಜಿ ಖಜಾಂಚಿ:
ತಮ್ಮಾ, ಬೇಜಾರಾಗೋ ವಿಷಯವೇ. ಆದ್ರೆ ತಿಂಗಳಿಗೆ ನೂರು ರೂಪಾಯಿ ಕೊಡದವರನ್ನ ಹೇಗೆ ಕೇಳೋದು?

ಬಾಗಲಗುಂಟೆ, ಕಬಡ್ಡಿ ಹುಡುಗ:
ಸರ್, ನಾಲ್ಕು ಭಾನುವಾರ ಹನ್ನೆರಡು ಜನರ ಕೂಲಿ ಲೆಕ್ಕ ಹಾಕಿ ನೋಡಿ.

ಬಸವನಗುಡಿ, ನಿವೃತ್ತ ಗುಮಾಸ್ತ:
ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಒಪ್ಪಂದ ಹಳೆಯ ಪಾಲಿಕೆಯ ಕಾಲದ್ದು. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಡತ ಹಿಡಿದು ಒಂಬತ್ತು ಸಲ ಅಲೆದಿದ್ದೇನೆ, ಆಟೋ ಬಾಡಿಗೆಯೇ 2,140. ಈಗಿನ ಪಾಲಿಕೆಯ ಸಹಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಗೆ ಒಳಪಟ್ಟ ಜಾಗವನ್ನು ಮಾರುವುದು, ಗುತ್ತಿಗೆಗೆ ಕೊಡುವುದು ಊರ್ಜಿತವಾಗುವುದಿಲ್ಲ. ಖಜಾಂಚಿಯವರು 22,000 ಬಾಡಿಗೆಯ ಬಗ್ಗೆ ವಕೀಲರನ್ನು ಕೇಳುವುದು ಒಳ್ಳೆಯದು.

ವಿಜಯನಗರ, ಮಾಜಿ ಖಜಾಂಚಿ:
ಅದು ಗುತ್ತಿಗೆ ಅಲ್ಲ, ಎರಡು ಗಂಟೆಯ ಬಳಕೆ ಶುಲ್ಕ. ಆರು ವರ್ಷ ರಾತ್ರಿ ಕೂತು ಲೆಕ್ಕ ಬರೆದದ್ದಕ್ಕೆ ಇದಾ ಸಿಗೋದು?

ಉತ್ತರಹಳ್ಳಿ ಕಡೆಯವನು:
ಎಲ್ಲರಿಗೂ ಧನ್ಯವಾದ, ತುಂಬ ಗೊತ್ತಾಯ್ತು. ಬೀಗದ ಕೈ ಬಗ್ಗೆ ಯಾರಾದ್ರೂ ಹೇಳ್ತೀರಾ?

ರಾಜಾಜಿನಗರದ ಒಬ್ಬ ತಾಯಿ:
ಕೋಚ್ ಕೈಗೆ ಮಾತ್ರ ಬೇಡ. ನಮ್ಮಲ್ಲಿ ಒಂದು ಕೈ ವಾಚ್‌ಮನ್ ಹತ್ತಿರ, ಇನ್ನೊಂದು ಗೇಟಿನ ಎದುರಿನ ಹಾಲಿನ ಬೂತಲ್ಲಿ ಮೊಳೆಗೆ ನೇತಾಡ್ತಿದೆ. ಅವರು ನಾಲ್ಕೂವರೆಗೇ ಅಂಗಡಿ ತೆಗೀತಾರೆ. ವಾಚ್‌ಮನ್ ಬರದಿದ್ದ ದಿನ ಯಾವ ಮಗು ಬೇಕಾದ್ರೂ ಕೇಳಿ ಇಸ್ಕೊಂಡು ಗೇಟು ತೆಗೀಬಹುದು. ಒಂದೂವರೆ ವರ್ಷ ಆಯ್ತು, ಕೈ ಒಂದು ಸಲವೂ ಕಳೆದಿಲ್ಲ.