ಆನ್‌ಲೈನ್‌ನಲ್ಲಿ ತಗೊಂಡ 'ಮೈಸೂರು ಸಿಲ್ಕ್' ಡೂಪ್ಲಿಕೇಟ್, ರಿಟರ್ನ್ ತಗೊಳ್ತಿಲ್ಲ. ಏನು ಮಾಡೋದು?

ಮಲೆನಾಡವಳು:
ನಮಸ್ಕಾರ. ಅತ್ತೆಗೆ ಕೊಡೋಣ ಅಂತ ಒಂದು ದೊಡ್ಡ ಶಾಪಿಂಗ್ ಆಪ್‌ನಲ್ಲಿ 'ಪ್ಯೂರ್ ಮೈಸೂರ್ ಸಿಲ್ಕ್' ಅಂತ ಇದ್ದ ಸೀರೆ ತರಿಸಿದೆ, 3,800 ರೂಪಾಯಿ. ಬಂದಿರೋದು ಜಾರುವ ಪಾಲಿಯೆಸ್ಟರ್, ಜರಿ ಕೈಗೆ ಚುಚ್ಚುತ್ತೆ. ರಿಟರ್ನ್ ಹಾಕಿದೆ. ಪಿಕಪ್ ಹುಡುಗ ಬಾಗಿಲಲ್ಲೇ ಸೀರೆ ಬಿಡಿಸಿ, ಫೋಟೋ ಹೊಡೆದು, "ಬಣ್ಣ ಮ್ಯಾಚ್ ಆಗ್ತಿದೆ ಮೇಡಂ, ಆಪ್ ರಿಜೆಕ್ಟ್ ಮಾಡ್ತಿದೆ" ಅಂತ ಹೊರಟೇ ಹೋದ. ಪಾಪ, ಅವನದೇನೂ ತಪ್ಪಿಲ್ಲ. ಆದರೆ ಬಣ್ಣದ ಬಗ್ಗೆ ನಾನು ದೂರು ಕೊಟ್ಟೇ ಇಲ್ಲ! ಚಾಟ್‌ನಲ್ಲಿ ಕೇಳಿದರೆ 'ನಿಮ್ಮ ತೊಂದರೆ ಅರ್ಥವಾಗುತ್ತದೆ' ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ.

ಜರಿಅಂಚು:
ಅಕ್ಕ, ಅಸಲಿ ಮೈಸೂರು ಸಿಲ್ಕ್ ಆ ರೇಟಿಗೆ ಬರೋ ಮಾತೇ ಇಲ್ಲ. 2005ರಿಂದ ಆ ಹೆಸರಿಗೆ ಜಿಐ ಟ್ಯಾಗ್ (ಊರಿನ ಹೆಸರು ಹೊತ್ತ ಮಾಲಿಗೆ ಕೊಡೋ ಕಾನೂನು ರಕ್ಷಣೆ) ಇದೆ, ನೇಯೋದು ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ. ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತೆ. ಪ್ರತಿ ಸೀರೆ ಮೇಲೂ ಕೋಡ್ ನಂಬರ್ ಇರುತ್ತೆ, ಹೋಲೋಗ್ರಾಂ ಬೇರೆ. ನಿಮ್ಮದರಲ್ಲಿ ಇವೆರಡೂ ಇರಲ್ಲ, ಅದರ ಫೋಟೋ ತೆಗೆದಿಡಿ. ಬೇಕಾದರೆ ಒಂದು ಎಳೆ ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತೆ.

ಕೋರ್ಟ್‌ಪಕ್ಕದಮನೆ:
ಸುಡೋದು ಗಿಡೋದು ಈಗಲೇ ಬೇಡ! ಎಳೆ ಕಿತ್ತರೆ 'ಡ್ಯಾಮೇಜ್' ಅಂತ ಅದೇ ನೆಪ ಮಾಡುತ್ತಾರೆ. ಸೀರೆ ಬಂದ ಹಾಗೇ ಇರಲಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಹಾಕಿದ ಜಾಹೀರಾತಿಗೂ ಬಂದ ಮಾಲಿಗೂ ತಾಳೆಯಾಗದಿದ್ದರೆ ಮಾರಿದವನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಅದಕ್ಕೇ ದೂರಿನಲ್ಲಿ 'ಇಷ್ಟ ಆಗಲಿಲ್ಲ' ಅಂತ ಬರೆಯಬೇಡಿ, 'ಜಾಹೀರಾತಿನಲ್ಲಿ ಹೇಳಿದ ಬಟ್ಟೆಯೇ ಅಲ್ಲ' ಅಂತ ಬರೆಯಿರಿ. ಚಾಟ್ ಬಿಟ್ಟುಬಿಡಿ, ಅದು ಸುಮ್ನೆ ಟೈಂಪಾಸ್. ಆಪ್‌ನಲ್ಲಿ ಗ್ರೀವೆನ್ಸ್ ಆಫೀಸರ್ (ದೂರು ನೋಡಿಕೊಳ್ಳೋ ಅಧಿಕಾರಿ) ಹೆಸರು, ಇಮೇಲ್ ಹಾಕಲೇಬೇಕು ಅಂತ ಇದೆ. ಎಲ್ಲೋ ಕೆಳಗಡೆ ಸಣ್ಣಕ್ಷರದಲ್ಲಿ ಇರುತ್ತೆ, ಹುಡುಕಿ. ಮೇಲ್ ಕಳಿಸಿದ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು.

ಜತೆಗೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರೇನು ತೀರ್ಪು ಕೊಡಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ. ಆದರೂ ನಮ್ಮ ಪರಿಚಯದವರ ಎಷ್ಟೋ ಕೇಸು ಅಲ್ಲೇ ಬಗೆಹರಿದಿದೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವಿರೋ ಊರಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ, ಲಾಯರ್ ಇಲ್ಲದೆಯೂ ನಡೆಯುತ್ತೆ. ಗ್ರಾಹಕರ ಕೇಸುಗಳಿಗೆ ಸರ್ಕಾರ ಮಾಡಿರೋ ಇ-ಜಾಗೃತಿ ವೆಬ್‌ಸೈಟ್‌ನಲ್ಲಿ ಮನೆಯಿಂದಲೇ ಹಾಕಿ.

ಬೆಣ್ಣೆದೋಸೆ_ದಾವಣಗೆರೆ:
3,800ಕ್ಕೆ ಕೇಸಾ? ಓಡಾಟಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತೆ. ಬಿಟ್ಟುಹಾಕಿ, ಒಂದು ಕೆಟ್ಟ ರಿವ್ಯೂ ಬರೆದು ಸುಮ್ಮನಾಗಿ.

ಕೋರ್ಟ್‌ಪಕ್ಕದಮನೆ:
ಎಲ್ಲರೂ ಹೀಗೇ ಬಿಡ್ತಾರೆ ಅನ್ನೋ ಧೈರ್ಯದ ಮೇಲೇ ಅಲ್ವಾ ಅವರ ವ್ಯಾಪಾರ ನಡೆಯೋದು? ಮೇಲ್ ಕಳಿಸೋಕೆ ಕಾಸು ಬೇಕಿಲ್ಲ. ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಮಾತ್ರ ಈಗಲೇ ತೆಗೆದಿಡಿ.

ಮಲೆನಾಡವಳು:
ಈಗ ನೋಡಿದೆ, ಅಲ್ಲಿ ಹೆಸರು 'ಮೈಸೂರ್ ಸಿಲ್ಕ್ ಟೈಪ್' ಅಂತ ಆಗಿಬಿಟ್ಟಿದೆ! ಬಿಲ್ಲಿನಲ್ಲಿ ಮಾತ್ರ 'ಪ್ಯೂರ್' ಅಂತಲೇ ಇದೆ.

ಕೋರ್ಟ್‌ಪಕ್ಕದಮನೆ:
ಬಿಲ್ ಇದೆಯಲ್ಲ, ಸಾಕು. ಅದನ್ನು ಡೌನ್‌ಲೋಡ್ ಮಾಡಿ, ಸೀರೆಯ ಫೋಟೋ, ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಎರಡನ್ನೂ ಜತೆಗಿಟ್ಟು ಇವತ್ತೇ ಮೇಲ್ ಹಾಕಿ.