ಕ್ಯಾಂಡೀಸ್‌ನ ಸೂ 'ಕಪ್ಪು ಮಳೆ'ಯ ಯಾಸುಕೊ ಆಗಿದ್ದು ಹೇಗೆ?

ಮಳೆಹನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಮ್ಮನ ಜೊತೆ ಕೂತು ಇಮಾಮುರಾ ಶೋಹೆ ಅವರ 'ಕುರೊಯಿ ಅಮೆ', ಅಂದರೆ 'ಕಪ್ಪು ಮಳೆ' ನೋಡಿದೆ. 1989ರ ಸಿನಿಮಾ, ಪೂರ್ತಿ ಕಪ್ಪು ಬಿಳುಪು. ಹಿರೋಶಿಮಾ ಮೇಲೆ ಬಾಂಬು ಬಿದ್ದು ಐದು ವರ್ಷ ಆದಮೇಲೆ ಹಳ್ಳಿಯಲ್ಲಿ ಬದುಕುತ್ತಿರುವ ಒಂದು ಕುಟುಂಬದ ಕಥೆ. ಯಾಸುಕೊ ಅನ್ನುವ ಹುಡುಗಿಗೆ ಗಂಡು ಹುಡುಕುತ್ತಾರೆ. ಸಂಬಂಧ ಬರುತ್ತದೆ, ಮಾತುಕತೆ ಮುಂದುವರಿಯುತ್ತದೆ, ಆಮೇಲೆ ಯಾರೋ 'ಆ ಹುಡುಗಿ ಬಾಂಬು ಬಿದ್ದ ದಿನ ಅಲ್ಲೇ ಇದ್ದಳಂತೆ' ಅಂತ ಗಂಡಿನ ಕಡೆಯವರ ಕಿವಿಗೆ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಸಬ್‌ಟೈಟಲ್ ಓದುವುದು ಕಷ್ಟ, ನಾನೇ ಮಧ್ಯೆ ಮಧ್ಯೆ ಹೇಳುತ್ತಿದ್ದೆ. ಆದರೆ ಆ ಭಾಗಕ್ಕೆ ಹೇಳುವುದೇ ಬೇಕಾಗಲಿಲ್ಲ. "ಸಂಬಂಧ ಮುರಿದುಹೋಯ್ತಾ?" ಅಂತ ಅವರೇ ಕೇಳಿದರು.

ಯಾಸುಕೊ ಮಾಡಿದ ನಟಿಯ ಮುಖ ಎರಡು ದಿನ ಕಣ್ಣಮುಂದೆಯೇ ಇತ್ತು. ಹೆಸರು ಹುಡುಕಿದರೆ ತನಾಕಾ ಯೋಶಿಕೊ ಅಂತ ಬಂತು. ಅದರ ಜೊತೆಗೇ ಬಂದ ವಿಡಿಯೊ ನೋಡಿ ನನಗೆ ನಂಬಲಿಕ್ಕೆ ಆಗಲಿಲ್ಲ. ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು ಒಂದೇ ತಾಳಕ್ಕೆ ಕೈ ಬೀಸುತ್ತಾ, ನಗುತ್ತಾ ಹಾಡುತ್ತಿರುವ ಮೂವರು ಹುಡುಗಿಯರು, ಅವರಲ್ಲಿ ಒಬ್ಬರು ಇವರೇ! ಕ್ಯಾಂಡೀಸ್ ಅಂತ ಗುಂಪಿನ ಹೆಸರಂತೆ. ತುಂಬಾ ಜನಪ್ರಿಯ ಆಗಿದ್ದಾಗಲೇ ಹಾಡುವುದನ್ನು ಬಿಟ್ಟರು ಅಂತಲೂ ಓದಿದೆ.

ಅಷ್ಟು ಹೆಸರು ಇದ್ದಾಗ ಯಾಕೆ ಬಿಟ್ಟರು? ಬಿಟ್ಟವರು ಯಾಕೆ ತಿರುಗಿ ಬಂದರು? ಆ ನಗುವಿನಿಂದ ಯಾಸುಕೊಳ ಆ ಮೌನಕ್ಕೆ ಹೇಗೆ ಬಂದರು? ಗೊತ್ತಿದ್ದವರು ದಯವಿಟ್ಟು ಹೇಳಿ. ಅವರ ಬೇರೆ ಯಾವ ಕೆಲಸ ನೋಡಬೇಕು ಅಂತಲೂ ತಿಳಿಸಿ.

ಯೊಕೊಹಾಮಾ_ಕನ್ನಡಿಗ ಉತ್ತರ:

ಇದನ್ನು ಕನ್ನಡದಲ್ಲಿ ಯಾರಾದರೂ ಕೇಳುತ್ತಾರೆ ಅಂದುಕೊಂಡಿರಲಿಲ್ಲ, ತುಂಬಾ ಖುಷಿಯಾಯಿತು. ನಾನಿಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆಫೀಸಿನ ಹಿರಿಯರ ಜೊತೆ ಕರಾವೊಕೆಗೆ ಹೋದಾಗ ಅರವತ್ತು ದಾಟಿದವರು ಯಾರಾದರೂ ಇದ್ದರೆ ಕ್ಯಾಂಡೀಸ್ ಹಾಡು ಬಂದೇ ಬರುತ್ತದೆ.

ಮೂವರೂ ಟೋಕಿಯೊದ ಒಂದೇ ಸಂಗೀತ ಶಾಲೆಯಲ್ಲಿ ಕಲಿತವರು. ವತನಾಬೆ ಪ್ರೊಡಕ್ಷನ್ ಅನ್ನುವ ದೊಡ್ಡ ಕಂಪನಿ ಅವರನ್ನು ಒಟ್ಟು ಸೇರಿಸಿತು. ಇತೋ ರಾನ್ ಅವರಿಗೆ ರಾನ್, ಫುಜಿಮುರಾ ಮಿಕಿ ಅವರಿಗೆ ಮಿಕಿ, ತನಾಕಾ ಯೋಶಿಕೊ ಅವರಿಗೆ ಸೂ ಅಂತ ಕರೆಯುವ ಹೆಸರು. ಮೊದಲ ಹಾಡು ಬಂದಿದ್ದು 1973ರ ಸೆಪ್ಟೆಂಬರ್‌ನಲ್ಲಿ. ಆಗ ಸೂ ಅವರಿಗೆ 17 ವರ್ಷ. ಶುರುವಿನಲ್ಲಿ ನಡುವೆ ನಿಂತು ಮುಖ್ಯವಾಗಿ ಹಾಡುತ್ತಿದ್ದವರು ಅವರೇ. ಗಂಟಲು ಚೆನ್ನಾಗಿತ್ತು. ಆದರೆ ಹಾಡುಗಳು ಅಷ್ಟಾಗಿ ಓಡಲಿಲ್ಲ. 1975ರಲ್ಲಿ ಐದನೇ ಹಾಡಿಗೆ ರಾನ್ ಅವರನ್ನು ನಡುವೆ ನಿಲ್ಲಿಸಿದರು, ಅದು ದೊಡ್ಡ ಹಿಟ್ ಆಯಿತು. ಅಲ್ಲಿಂದ ಸೂ ಪಕ್ಕಕ್ಕೆ ಸರಿದರು. ಹತ್ತೊಂಬತ್ತನೇ ವಯಸ್ಸು ತುಂಬುವ ಮೊದಲೇ ಒಬ್ಬ ಹುಡುಗಿಗೆ ಇದು ಆಗಿದೆ, ಅಲ್ವಾ? ಆದರೂ ಆಮೇಲಿನ ವಿಡಿಯೊಗಳಲ್ಲಿ ಅವರ ಮುಖ ನೋಡಿ, ಪಕ್ಕದವರನ್ನು ಎತ್ತಿಹಿಡಿಯುವ ಹಾಗೆ ಹಾಡುತ್ತಾರೆ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಇಲ್ಲಿ ಐಡಲ್ ಅಂದರೆ ಬರೀ ಹಾಡುವವರಲ್ಲ. ಹಾಡಬೇಕು, ಕುಣಿಯಬೇಕು, ಟಿವಿಯಲ್ಲಿ ತಮಾಷೆ ಮಾಡಬೇಕು, ಫೋಟೊಗೆ ನಿಲ್ಲಬೇಕು, ಎಲ್ಲ ಕಡೆ ನಗುತ್ತಲೇ ಇರಬೇಕು. ಕ್ಯಾಂಡೀಸ್ ಶನಿವಾರ ರಾತ್ರಿ ಎಂಟಕ್ಕೆ ಬರುತ್ತಿದ್ದ ಡ್ರಿಫ್ಟರ್ಸ್ ತಂಡದ ಹಾಸ್ಯ ಕಾರ್ಯಕ್ರಮದಲ್ಲಿ ಇದ್ದರು. 1976ರಿಂದ ಇನ್ನೊಂದು ಹಾಸ್ಯ ಕಾರ್ಯಕ್ರಮದಲ್ಲಿ ಇತೋ ಶಿರೊ, ಕೊಮಾತ್ಸು ಮಸಾವೊ ಅವರಂಥ ಪಳಗಿದ ನಟರ ಎದುರು ಸ್ಕಿಟ್ ಮಾಡಿದರು. ನಟನೆಯ ಪಾಠ ಎಲ್ಲಿ ಆಯಿತು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಎದುರಿನವರು ಮಾತು ಮುಗಿಸುವವರೆಗೆ ಕಾಯುವುದು, ಸರಿಯಾದ ಗಳಿಗೆಗೆ ತಿರುಗಿ ನೋಡುವುದು, ಇವೆಲ್ಲ ಹಾಸ್ಯದಲ್ಲಿ ಕಲಿತರೆ ಎಲ್ಲಿಗೆ ಹೋದರೂ ಕೈಬಿಡುವುದಿಲ್ಲ.

1977ರ ಜುಲೈ 17ರಂದು ಟೋಕಿಯೊದ ಹಿಬಿಯಾ ಬಯಲು ರಂಗಮಂದಿರದಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ ಮೂವರೂ ಬಿಡುತ್ತೇವೆ ಅಂತ ಹೇಳಿಬಿಟ್ಟರು. ರಾನ್ ಅಳುತ್ತಾ ಹೇಳಿದ 'ಸಾಮಾನ್ಯ ಹುಡುಗಿಯರಾಗಿ ವಾಪಸ್ ಹೋಗಬೇಕು' ಅನ್ನುವ ಮಾತು ಇವತ್ತಿಗೂ ಇಲ್ಲಿ ಎಲ್ಲರಿಗೂ ಗೊತ್ತು. ಅವರು ಸೆಪ್ಟೆಂಬರ್‌ನಲ್ಲೇ ನಿಲ್ಲಿಸಬೇಕು ಅಂದಿದ್ದರು, ಕಂಪನಿ ಒಪ್ಪದೆ ಮುಂದಿನ ವಸಂತದವರೆಗೆ ಎಳೆಯಿತು. ಅಭಿಮಾನಿಗಳು, ಅದರಲ್ಲೂ ಕಾಲೇಜು ಹುಡುಗರು, ಕೊನೆಯ ಹಾಡನ್ನಾದರೂ ಮೊದಲ ಸ್ಥಾನಕ್ಕೆ ತರಲೇಬೇಕು ಅಂತ ಓಡಾಡಿದರು. ತಂದರು ಕೂಡ. ಅಷ್ಟೊಂದು ಹಿಟ್ ಕೊಟ್ಟ ಗುಂಪಿಗೆ ಒರಿಕಾನ್ ಅನ್ನುವ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಅದೊಂದೇ ಸಲ. 1978ರ ಏಪ್ರಿಲ್ 4ರಂದು ಕೊರಾಕುಎನ್ ಸ್ಟೇಡಿಯಂನಲ್ಲಿ ಕೊನೆಯ ಕಾರ್ಯಕ್ರಮಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸೂ ಅವರಿಗೆ 22 ತುಂಬಲು ಇನ್ನೂ ನಾಲ್ಕು ದಿನ ಇತ್ತು.

ಹಳೇ_ರೀಲು ಉತ್ತರ:

ಮೊದಲು ಒಂದು ಮಾತು, ಇದನ್ನು ಓದಿ ಸಿನಿಮಾ ಹುಡುಕುವವರಿಗೆ. ಅದೇ 1989ರಲ್ಲಿ ಹಾಲಿವುಡ್‌ನಿಂದಲೂ 'ಬ್ಲ್ಯಾಕ್ ರೇನ್' ಅಂತ ಒಂದು ಪೊಲೀಸ್ ಸಿನಿಮಾ ಬಂದಿದೆ, ಅದೂ ಜಪಾನಿನಲ್ಲೇ ನಡೆಯುವ ಕಥೆ. ನಾನು ಮೊದಲ ಸಲ ತಪ್ಪಿ ಅದನ್ನೇ ಹಾಕಿ ಕೂತಿದ್ದೆ. ಇಮಾಮುರಾ ಅಂತ ನೋಡಿಕೊಂಡು ತೆಗೆಯಿರಿ.

ಇಮಾಮುರಾ ಅವರು ಇಬುಸೆ ಮಸುಜಿ ಅವರ ಕಾದಂಬರಿ ಇಟ್ಟುಕೊಂಡು ಈ ಸಿನಿಮಾ ಮಾಡಿದರು. ಬಾಂಬು ಬಿದ್ದ ದಿನದ ಭೀಕರ ದೃಶ್ಯಗಳು ಶುರುವಿನಲ್ಲೇ ಬರುತ್ತವೆ. ಆಮೇಲೆ ಹೆಚ್ಚುಕಡಿಮೆ ಎರಡು ಗಂಟೆ ಹಳ್ಳಿ, ಕೆರೆ, ಗದ್ದೆ, ಊಟ, ಹರಟೆ, ನಡುನಡುವೆ ಒಬ್ಬೊಬ್ಬರೇ ಸಾಯುವುದು. ಹೀಗಿರುವಾಗ ಯಾಸುಕೊ ಪಾತ್ರಕ್ಕೆ ಯಾವ ಥರದ ಮುಖ ಬೇಕು ಹೇಳಿ? ನೋಡಿದ ಕೂಡಲೇ ಇವಳು ರೋಗಿ ಅನ್ನಿಸಬಾರದು. ಆರೋಗ್ಯವಾಗಿ, ದುಂಡಗೆ, ಯಾರಿಗಾದರೂ ಇವಳು ನಮ್ಮ ಮನೆಗೆ ಸೊಸೆಯಾಗಿ ಬರಲಿ ಅನ್ನಿಸುವ ಹಾಗೆ ಇರಬೇಕು. ಜಪಾನಿನ ಜನ ಹದಿನೈದು ವರ್ಷದಿಂದ ತಮ್ಮ ಮನೆಯ ಟಿವಿಯಲ್ಲಿ ನೋಡಿ ಪ್ರೀತಿಸಿದ್ದ ಮುಖ ಅದು. ಆ ಮುಖಕ್ಕೆ ರೋಗ ಹತ್ತುತ್ತಾ ಹೋದಾಗ ಅಲ್ಲಿನವರಿಗೆ ಹೇಗಾಗಿರಬೇಡ! ಅವರ ಐಡಲ್ ಕಾಲವನ್ನು ಮರೆತು ನೋಡಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಾಲವೇ ಈ ಪಾತ್ರಕ್ಕೆ ಬೇಕಾಗಿತ್ತು.

ಕೂದಲು ಉದುರುವ ದೃಶ್ಯ ನೆನಪಿಸಿಕೊಳ್ಳಿ. ಕೈ ಹಾಕಿದರೆ ಗೊಂಚಲು ಗೊಂಚಲಾಗಿ ಬರುತ್ತದೆ, ಯಾಸುಕೊ ಅಳುವುದಿಲ್ಲ, ಕಿರುಚುವುದಿಲ್ಲ, ಸುಮ್ನೆ ಅದನ್ನೇ ನೋಡುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಜಾಸ್ತಿ ಮಾಡಿಬಿಡುತ್ತಿದ್ದರು. ಹಾಗೇ ಯೂಇಚಿ ಜೊತೆಗಿನ ದೃಶ್ಯಗಳು. ಇಂಜಿನ್ ಸದ್ದು ಕೇಳಿದರೆ ಯುದ್ಧದ ಟ್ಯಾಂಕ್ ಬಂತು ಅಂತ ರಸ್ತೆಗೆ ಹಾರುವ ಹುಡುಗ ಅವನು, ಉಳಿದ ಹೊತ್ತಿನಲ್ಲಿ ಕಲ್ಲಿನಲ್ಲಿ ಮೂರ್ತಿ ಕೆತ್ತುತ್ತಾನೆ. ಮದುವೆಯ ಮಾತುಕತೆಯಲ್ಲಿ ಕಲ್ಲಾಗಿ ಕೂತ ಯಾಸುಕೊ ಅವನ ಮುಂದೆ ಮಾತ್ರ ಹಗುರ ಆಗುತ್ತಾಳೆ. ಒಂದೇ ಒಂದು ಸಾಲಿನಲ್ಲೂ 'ನನಗೆ ನೆಮ್ಮದಿಯಾಯಿತು' ಅಂತ ಹೇಳುವುದಿಲ್ಲ, ಭುಜ ಸ್ವಲ್ಪ ಇಳಿಯುತ್ತದೆ ಅಷ್ಟೇ.

ಈ ಪಾತ್ರಕ್ಕೆ ಅವರಿಗೆ ಜಪಾನ್ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಇಮಾಮುರಾ ಕೊನೆಗೆ ಬಣ್ಣದಲ್ಲಿ ಇನ್ನೊಂದು ಭಾಗ ಚಿತ್ರೀಕರಿಸಿ, ಆಮೇಲೆ ಬೇಡ ಅಂತ ಕೈಬಿಟ್ಟಿದ್ದರು. ವಯಸ್ಸಾದ ಯಾಸುಕೊ ಶಿಕೊಕು ದ್ವೀಪದಲ್ಲಿ ತೀರ್ಥಯಾತ್ರೆ ಮಾಡುವುದು. ಡಿವಿಡಿಯಲ್ಲಿ ಸಿಗುತ್ತದೆ. ಬಿಟ್ಟಿದ್ದೇ ಸರಿ ಅಂತ ನನಗನಿಸುತ್ತದೆ, ಆದರೆ ಸೂ ಅವರ ಸಲುವಾಗಿ ಒಮ್ಮೆ ನೋಡಿ.

ಕೆಂಡಸಂಪಿಗೆ ಉತ್ತರ:

ನಾನು ಇದನ್ನು ಬೇರೆ ಥರ ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಸಾವಿರ ಜನ ಅಳುತ್ತಾ ಕಳಿಸಿಕೊಟ್ಟರು, ಸಾಮಾನ್ಯರಾಗಿ ಬದುಕಲಿ ಅಂತ. ಎರಡೇ ವರ್ಷಕ್ಕೆ, 1980ರಲ್ಲಿ, ರಾನ್ ಬಂದರು, ಸೂ ಬಂದರು. ಅದೇ 1980ರಲ್ಲಿ ಯಮಾಗುಚಿ ಮೊಮೊಎ ಅನ್ನುವ ಹೆಸರಾಂತ ಐಡಲ್ ಗಾಯಕಿ 21ನೇ ವಯಸ್ಸಿಗೆ ಬುಡೋಕಾನ್‌ನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಮದುವೆಯಾಗಿ ಹೋದರು, ಮತ್ತೆ ಒಂದು ಸಲವೂ ವೇದಿಕೆಗೆ ಬರಲಿಲ್ಲ. ಅವರ ಮಾತಿಗೆ ಒಂದು ತೂಕ ಇದೆ. ಅಭಿಮಾನಿಯಾಗಿ ನನಗೆ ಅದು ಮುಖ್ಯ.

ಯೊಕೊಹಾಮಾ_ಕನ್ನಡಿಗ ಉತ್ತರ:

@ಕೆಂಡಸಂಪಿಗೆ, ಬೇಜಾರು ಯಾಕೆ, ಆಗ ಇಲ್ಲಿನ ಎಷ್ಟೋ ಜನ ನಿಮ್ಮ ಥರವೇ ಅಂದರು. ಆದರೆ ಒಂದು ವಿಷಯ ಯೋಚಿಸಿ. ಮೊಮೊಎ ಅವರು ಮದುವೆಗಾಗಿ ಬಿಟ್ಟರು, ಅದು ಅವರ ಆಯ್ಕೆ. ಕ್ಯಾಂಡೀಸ್ ಬಿಟ್ಟಿದ್ದು ದಣಿದು. ದಿನಕ್ಕೆ ಎಲ್ಲೆಲ್ಲಿ ಏನೇನು ಮಾಡಬೇಕು ಅನ್ನುವುದನ್ನು ಬೇರೆಯವರು ಬರೆದಿಡುತ್ತಿದ್ದ ಬದುಕು ಅದು. 21 ವರ್ಷದ ಹುಡುಗಿ 'ಸಾಕು' ಅಂದರೆ, ಜೀವಮಾನ ಪೂರ್ತಿ ಕ್ಯಾಮೆರಾ ಮುಂದೆ ಬರುವುದಿಲ್ಲ ಅಂತ ಪ್ರಮಾಣ ಮಾಡಿದ ಹಾಗಲ್ಲ. ಕೆಲಸ ಬೇಡ ಅಂದದ್ದಲ್ಲ, ಆ ಥರದ ಕೆಲಸ ಬೇಡ ಅಂದದ್ದು.

ಬಂದ ಮೇಲೆ ಸೂ ಮಾಡಿದ್ದೇನು ನೋಡಿ. ಕ್ಯಾಂಡೀಸ್ ಹೆಸರಿನ ಮೇಲೆ ಕೂತು ಉಣ್ಣಲಿಲ್ಲ. 1983ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯಲ್ಲಿ 'ಓಶಿನ್' ಧಾರಾವಾಹಿ ಶುರುವಾಯಿತು, 297 ಕಂತು, ಸರಾಸರಿ 52.6 ಶೇಕಡಾ ವೀಕ್ಷಕರು. ಅದರಲ್ಲಿ ಇವರು ಮಾಡಿದ್ದು ಹತ್ಸುಕೊ ಪಾತ್ರ. ಬಡತನಕ್ಕೆ ಮನೆ ಬಿಟ್ಟು ಬಂದು ಕಥೆಯ ನಾಯಕಿ ಓಶಿನ್‌ಳ ಸಾಕುಮಗಳಾದ ಹುಡುಗಿ. ಮದುವೆಯಾಗಬೇಕಿದ್ದವನು ಯುದ್ಧದಲ್ಲಿ ಸತ್ತಮೇಲೆ ಅವಳು ಟೋಕಿಯೊಗೆ ಹೋಗಿ ಬದುಕುವ ರೀತಿ ನೋಡುವುದಕ್ಕೇ ಸಂಕಟ. ನನ್ನ ಪ್ರಕಾರ ಯಾಸುಕೊಗೆ ದಾರಿ ಮಾಡಿದ್ದು ಹತ್ಸುಕೊ. ಇಬ್ಬರದೂ ಯುದ್ಧ ಕಿತ್ತುಕೊಂಡ ಮದುವೆ.

ಮಿಕಿ ಅವರ ವಿಷಯವನ್ನೂ ಹೇಳಬೇಕು. ಅವರು 1983ರಲ್ಲಿ ಒಂದು ಹಾಡಿಗೆ ಬಂದು ಹೋದರು, ಆಮೇಲೆ ನಿಜಕ್ಕೂ ಸಾಮಾನ್ಯ ಬದುಕಿಗೇ ಹೋದರು. ಮೂವರೂ ಮೂರು ಥರ ಬದುಕಿದರು, ಸ್ನೇಹ ಬಿಡಲಿಲ್ಲ.

ಸಂಜೆ_ಸೀರಿಯಲ್ ಉತ್ತರ:

ನಾನು ಕೊರಿಯನ್ ಸೀರಿಯಲ್ ಹುಚ್ಚಿನಿಂದ ಇವರ ಹತ್ತಿರ ಬಂದವಳು. 'ವಿಂಟರ್ ಸೊನಾಟಾ' 2003ರಲ್ಲಿ ಜಪಾನಿನಲ್ಲಿ ಬಂದಾಗ ನಾಯಕಿ ಚೋಯ್ ಜಿ ವೂ ಅವರಿಗೆ ಜಪಾನಿ ದನಿ ಕೊಟ್ಟವರು ತನಾಕಾ ಯೋಶಿಕೊ! ಜಪಾನಿನ ಅಮ್ಮಂದಿರೆಲ್ಲ ಕಣ್ಣೀರು ಹಾಕಿದ್ದು ಇವರ ದನಿ ಕೇಳಿ. ಆಗ ಇವರಿಗೆ 47 ವರ್ಷ, ಪಾತ್ರ ಶುರುವಾಗುವುದು ಶಾಲೆಗೆ ಹೋಗುವ ಹುಡುಗಿಯಾಗಿ. ಒಂದು ಸಲ ಕೊರಿಯನ್‌ನಲ್ಲಿ, ಒಂದು ಸಲ ಜಪಾನಿಯಲ್ಲಿ ಅದೇ ಕಂತು ನೋಡಿ. ಎರಡೂ ಭಾಷೆ ಬರದ ನನಗೇ ಆ ದನಿಯ ಮೆದು ಗೊತ್ತಾಯಿತು.

ಮಕ್ಕಳಿದ್ದರೆ 1989ರ ಡಿಸೆಂಬರ್‌ನ ಗಾಡ್ಜಿಲ್ಲಾ ಸಿನಿಮಾ ಹಾಕಿ, ಬಿಯೊಲಾಂಟೆ ಅನ್ನುವ ಗಿಡದ ರಾಕ್ಷಸ ಬರುವುದು. ಅದರಲ್ಲಿ ಅಸುಕಾ ಅಂತ ಇವರೇ. 'ಕಪ್ಪು ಮಳೆ' ಬಂದ ವರ್ಷವೇ! 1994ರ ಟಿವಿ ನಾಟಕ 'ಇಎ ನಾಕಿ ಕೊ'ದಲ್ಲಿ ಪುಟ್ಟ ಹುಡುಗಿಯ ಕಾಯಿಲೆಯ ತಾಯಿಯಾಗಿ ಮಾಡಿದ್ದೂ ಇದೆ.

ಯೊಕೊಹಾಮಾ_ಕನ್ನಡಿಗ ಉತ್ತರ:

ಕಾಯಿಲೆಯ ತಾಯಿ ಅಂದಿರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ನಾಟಕ ಮಾಡುವ ಹೊತ್ತಿಗೆ ಸೂ ಅವರಿಗೇ ಕಾಯಿಲೆ ಇತ್ತು. 1992ರಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಹೊರಗೆ ಹೇಳಲಿಲ್ಲ. ಮತ್ತೆ ಮತ್ತೆ ಬಂತು, ಚಿಕಿತ್ಸೆ ಮಾಡಿಸಿಕೊಳ್ಳುತ್ತಲೇ ಹತ್ತೊಂಬತ್ತು ವರ್ಷ ಕೆಲಸ ಮಾಡಿದರು. 'ವಿಂಟರ್ ಸೊನಾಟಾ'ದ ಆ ದನಿಯೂ ಅದರ ನಡುವಿನದ್ದೇ. 2011ರ ಏಪ್ರಿಲ್ 21ರಂದು ತೀರಿಕೊಂಡರು, 55 ವರ್ಷ.

ಅಂತ್ಯಕ್ರಿಯೆಯ ದಿನ ಅವರ ದನಿಯನ್ನು ಕೇಳಿಸಿದರು. ಮಾರ್ಚ್ 29ರಂದು ಆಸ್ಪತ್ರೆಯಲ್ಲಿ ರೆಕಾರ್ಡ್ ಮಾಡಿದ್ದು. ಭೂಕಂಪ, ಸುನಾಮಿ, ಫುಕುಶಿಮಾ ಎಲ್ಲ ಆಗಿ ಹದಿನೆಂಟು ದಿನ. ಮಾತಾಡಲು ಉಸಿರಿಲ್ಲ, ಆದರೂ ಮೊದಲು ಎತ್ತಿದ್ದು ಭೂಕಂಪದಲ್ಲಿ ನೊಂದವರ ವಿಷಯ. ನಾನು ಸೋತರೂ ಸ್ವರ್ಗದಿಂದಲೇ ಅವರಿಗೆ ಉಪಯೋಗಕ್ಕೆ ಬರಬೇಕು ಅಂದರು. ಆಮೇಲೆ ಸಿನಿಮಾದಲ್ಲಿ ಇನ್ನೂ ಮಾಡಬೇಕಿತ್ತು, ಟಿವಿಯಲ್ಲಿ ಇನ್ನೂ ಮಾಡಬೇಕಿತ್ತು, ಇನ್ನೂ ಇನ್ನೂ ನಟಿಯಾಗಿ ಇರಬೇಕಿತ್ತು ಅಂದರು. @ಕೆಂಡಸಂಪಿಗೆ, ಅವರು ಯಾಕೆ ತಿರುಗಿ ಬಂದರು ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ರಾನ್ ಮತ್ತು ಮಿಕಿ ಹೆಸರು ಹೇಳಿ, ಇಬ್ಬರೂ ನನಗೆ ತುಂಬಾ ಇಷ್ಟ ಅಂದರು. ಇಬ್ಬರೂ ಅಲ್ಲೇ ನಿಂತು ಕೇಳುತ್ತಿದ್ದರು.

ರಾನ್ ಅವರು 2019ರಲ್ಲಿ, 64ನೇ ವಯಸ್ಸಿಗೆ, ಒಬ್ಬರೇ ಹಾಡಲು ಮತ್ತೆ ವೇದಿಕೆ ಹತ್ತಿದರು.

ಕೆಂಡಸಂಪಿಗೆ ಉತ್ತರ:

ಇದು ನನಗೆ ಗೊತ್ತಿರಲಿಲ್ಲ. ಮಾತು ತಪ್ಪಿದರು ಅನ್ನುವ ಥರ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇನ್ನೂ ನಟಿಯಾಗಿ ಇರಬೇಕಿತ್ತು ಅಂದರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಮೊಬೈಲ್ ಪಕ್ಕಕ್ಕಿಟ್ಟೆ.

ಮಳೆಹನಿ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ಕೊರಾಕುಎನ್‌ನ ಕೊನೆಯ ಭಾಗ ಹಾಕಿ ಇಬ್ಬರೂ ನೋಡಿದೆವು. ಬಲಗಡೆಯವರಾ ಎಡಗಡೆಯವರಾ ಅಂತ ಅಮ್ಮ ಕೇಳಲಿಲ್ಲ, "ಇವಳೇ ಯಾಸುಕೊ" ಅಂತ ಬೆರಳು ತೋರಿಸಿದರು.

ಈಗ 'ಓಶಿನ್' ಬೇಕು ಅಂತ ಕೂತಿದ್ದಾರೆ. 297 ಕಂತನ್ನೂ ನೋಡುತ್ತಾರಂತೆ, ನಾನು ಪಕ್ಕದಲ್ಲಿ ಕೂತು ಅರ್ಥ ಹೇಳಬೇಕಂತೆ. ಹತ್ಸುಕೊ ದೊಡ್ಡವಳಾಗಿ ಬರುವುದು ಯಾವ ಕಂತಿನಿಂದ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಆದರೆ ಶುರುವಿನಿಂದಲೇ ನೋಡುತ್ತೇವೆ.